ಗಾಲ್ ಬೆಳ್ಳಿ ನಾಣ್ಯವನ್ನು ಗುರುತಿಸುವ ಕ್ರಮ: ತಕ್ಕಡಿಯಿಂದ ಬುಡಕಟ್ಟಿನ ಹೆಸರಿನವರೆಗೆ

ಗಾಲ್ ನಾಡಿನ ಬೆಳ್ಳಿ ನಾಣ್ಯದ ಚಿತ್ರ ಕಳಿಸಿ, ಇದು ಯಾವ ಬುಡಕಟ್ಟಿನದು ಎಂದು ಕೇಳುವ ಓದುಗರ ಪತ್ರಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಮುಂಬದಿಯ ಮುಖ ಸ್ಪಷ್ಟವಾಗಿರುತ್ತದೆ, ಹಿಂಬದಿಯ ಕುದುರೆ ತಲೆಕೆಳಗಾಗಿರುತ್ತದೆ, ತೂಕದ ಸುದ್ದಿಯೇ ಇರುವುದಿಲ್ಲ. ಬುಡಕಟ್ಟಿನ ಹೆಸರು ಮಾತ್ರ ಆಗಲೇ ತೀರ್ಮಾನವಾಗಿರುತ್ತದೆ. ಮಾರಾಟಗಾರ ಬರೆದ ಚೀಟಿಯನ್ನೋ, ಬಿಲ್ಲೆಯ ಮೇಲೆ ಓದಲು ಸಿಕ್ಕ ನಾಲ್ಕು ಅಕ್ಷರಗಳನ್ನೋ ನಂಬಿ, ಹೆಸರಿನಿಂದ ಹೊರಟು ನಾಣ್ಯದ ಕಡೆಗೆ ನಡೆದವರು ಎಲ್ಲಾದರೊಂದು ಕಡೆ ಎಡವಿಯೇ ಎಡವುತ್ತಾರೆ. ಸರಿಯಾದ ಕ್ರಮ ಇದಕ್ಕೆ ಪೂರ್ತಿ ತಿರುವುಮುರುವು: ತೂಕ ಮೊದಲು, ಬಿಲ್ಲೆಯ ಆಕಾರ ಆಮೇಲೆ, ನಂತರ ಹಿಂಬದಿ, ಮುಂಬದಿ, ಅಕ್ಷರ; ಬುಡಕಟ್ಟು ಕಟ್ಟಕಡೆಗೆ, ಅದೂ ಪೆನ್ಸಿಲ್ಲಿನಲ್ಲಿ.

ಇಲ್ಲಿ ಹೇಳಿರುವುದೆಲ್ಲ ಕ್ರಿಸ್ತಪೂರ್ವ 2 ಮತ್ತು 1ನೆಯ ಶತಮಾನಗಳಲ್ಲಿ, ಹೆಚ್ಚಾಗಿ ಇಂದಿನ ಫ್ರಾನ್ಸ್ ಮತ್ತು ಅದರ ಸುತ್ತಲಿನ ನೆಲದಲ್ಲಿ ಟಂಕಿಸಿದ ಬೆಳ್ಳಿಗೆ ಅನ್ವಯಿಸುತ್ತದೆ. ಚಿನ್ನದ ಸ್ಟೇಟರ್, ಕಂಚು, ತವರ ಬೆರೆಸಿ ಎರಕ ಹೊಯ್ದ ಪೋಟಿನ್ ನಾಣ್ಯ, ಇವುಗಳ ಲೆಕ್ಕವೇ ಬೇರೆ.

## ಮೊದಲು ಹೊಂದಿಸಿಕೊಳ್ಳಬೇಕಾದದ್ದು

ಅಕ್ಕಸಾಲಿಗರು ಬಳಸುವಂಥ, 0.01 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ. ಮಿಲಿಮೀಟರಿನ ಹತ್ತನೆಯ ಒಂದು ಭಾಗ ಅಳೆಯುವ, ಸಾಧ್ಯವಾದರೆ ಪ್ಲಾಸ್ಟಿಕ್ ದವಡೆಯ ವರ್ನಿಯರ್ ಕ್ಯಾಲಿಪರ್ಸ್. 10 ಪಟ್ಟು ದೊಡ್ಡದು ಮಾಡುವ ಲೂಪ್. ಕತ್ತು ತಿರುಗಿಸಬಹುದಾದ ಟೇಬಲ್ ಲ್ಯಾಂಪ್. ಟ್ರೇಸಿಂಗ್ ಕಾಗದ, ಪೆನ್ಸಿಲ್ ಮತ್ತು ಒಂದು ನೋಟ್ ಪುಸ್ತಕ. ಇಷ್ಟು ಸಾಕು. ಪಟ್ಟಿಯಲ್ಲಿ ಯಾವ ದ್ರಾವಣವೂ ಇಲ್ಲ, ಬ್ರಷ್ಷೂ ಇಲ್ಲ ಎಂಬುದನ್ನು ಗಮನಿಸಿ.

## ಹಂತ 1: ಉಜ್ಜಬೇಡಿ

ನಮ್ಮ ಮನೆಗಳಲ್ಲಿ ಬೆಳ್ಳಿ ಕಪ್ಪಾದರೆ ಕೈ ತಾನಾಗಿ ವಿಭೂತಿಯ ಕಡೆಗೆ ಹೋಗುತ್ತದೆ. ಇಲ್ಲವೇ ಟೂತ್‌ಪೇಸ್ಟ್, ಹುಣಸೆಹಣ್ಣು. ದೀಪದ ಕಂಬಕ್ಕೆ ಅದು ಸರಿ, ಈ ನಾಣ್ಯಕ್ಕೆ ಸರಿಯಲ್ಲ. ಕ್ವಿನೇರಿಯಸ್ ಎಂಬ ಪುಟ್ಟ ಬೆಳ್ಳಿ ನಾಣ್ಯಗಳಲ್ಲಿ ಅಕ್ಷರದ ಉಬ್ಬು ಕೂದಲೆಳೆಯಷ್ಟು ಮಾತ್ರ. ಒಂದೆರಡು ಸಲ ಉಜ್ಜಿದರೆ ಹೋಗುವುದು ಕಪ್ಪಲ್ಲ, ಓದಬೇಕಾದ ಅಕ್ಷರ. ಅರ್ಮೊರಿಕಾದ, ಅಂದರೆ ವಾಯವ್ಯ ಫ್ರಾನ್ಸಿನ ಇಂದಿನ ಬ್ರಿಟನಿ ಸೀಮೆಯ, ನಾಣ್ಯಗಳಲ್ಲಿ ತಾಮ್ರದ ಪಾಲು ಹೆಚ್ಚಿರುವುದರಿಂದ ಹುಳಿ ತಗುಲಿದರೆ ತಾಮ್ರ ಕರಗಿ, ಮೈಯೆಲ್ಲ ಸಣ್ಣ ಗುಳಿಗಳಾಗಿ, ಎರಕ ಹೊಯ್ದ ನಕಲಿಯಂತೆ ಕಾಣತೊಡಗುತ್ತದೆ. ಅಸಲಿ ನಾಣ್ಯವನ್ನು ನೀವೇ ನಕಲಿಯನ್ನಾಗಿ ಮಾಡಿಕೊಂಡಂತೆ.

ಅಂಚಿನಲ್ಲಿ ಮಾತ್ರ ಹಿಡಿಯಿರಿ. ಮಣ್ಣು ಅಂಟಿದ್ದರೆ ಹಾಗೆಯೇ ಇರಲಿ. ಹಸಿರು ಪುಡಿ ಉದುರುತ್ತಿದ್ದರೆ ಅದು ತಾಮ್ರದ ಕಾಯಿಲೆಯ ಲಕ್ಷಣ. ಅಂಥದನ್ನು ಉಳಿದ ನಾಣ್ಯಗಳಿಂದ ಬೇರೆ ಮಾಡಿ, ಒಣಗಿದ ಡಬ್ಬಿಯಲ್ಲಿಟ್ಟು, ಲೋಹ ಸಂರಕ್ಷಣೆ ಬಲ್ಲವರಿಗೆ ತೋರಿಸಿ.

## ಹಂತ 2: ತೂಗಿ, ಅಳೆಯಿರಿ

ತಕ್ಕಡಿಯನ್ನು ಗಟ್ಟಿ ಮೇಜಿನ ಮೇಲಿಟ್ಟು, ಫ್ಯಾನ್ ಆರಿಸಿ, ಸೊನ್ನೆಗೆ ತಂದು, ನಾಣ್ಯವನ್ನು ಮೂರು ಸಲ ತೂಗಿ. ಮೂರೂ ಸಲ ಬಂದ ಅಂಕಿಗಳನ್ನು ಬರೆದಿಡಿ. ಫ್ಯಾನಿನ ಗಾಳಿಯೊಂದೇ 0.03 ಗ್ರಾಂ ಅತ್ತಿತ್ತ ಮಾಡಬಲ್ಲದು. ತಕ್ಕಡಿಯ ಮೇಲೆ ಅನುಮಾನವಿದ್ದರೆ 2011ರ ಮಾದರಿಯ, ಹೆಚ್ಚು ಸವೆಯದ ಒಂದು ರೂಪಾಯಿ ನಾಣ್ಯವನ್ನು ಇಟ್ಟು ನೋಡಿ. ಅದರ ನಿಗದಿತ ತೂಕ 3.79 ಗ್ರಾಂ. ವ್ಯಾಸವನ್ನು ಉದ್ದಗಲ ಎರಡೂ ಕಡೆ ಅಳೆಯಬೇಕು, ಏಕೆಂದರೆ ಈ ಬಿಲ್ಲೆಗಳು ಗುಂಡಗಿರುವುದು ಅಪರೂಪ.

ತೂಕ ಏನನ್ನು ಹೇಳುತ್ತದೆ? ಗಾಲ್‌ನ ಬೆಳ್ಳಿಗೆ ಇಡೀ ನಾಡಿಗೆ ಒಪ್ಪುವ ಒಂದೇ ಮಾನದಂಡ ಇರಲಿಲ್ಲ. ಪ್ರತಿಯೊಂದು ಸೀಮೆಯೂ ತನ್ನ ವ್ಯಾಪಾರ ಯಾರೊಡನೆ ನಡೆಯುತ್ತಿತ್ತೋ ಅವರ ನಾಣ್ಯದ ತೂಕವನ್ನೇ ಹಿಡಿಯಿತು. ಹಾಗಾಗಿ ತಕ್ಕಡಿಯ ಅಂಕಿಯೇ ನಿಮ್ಮ ಮೊದಲ ಭೂಪಟ.

0.5ರಿಂದ 0.9 ಗ್ರಾಂ ತೂಗುವ, 10 ಮಿಲಿಮೀಟರ್ ಆಸುಪಾಸಿನ ಪುಟ್ಟ ಬಿಲ್ಲೆ, ಹಿಂಬದಿಯಲ್ಲಿ ನಾಲ್ಕು ಅರೆಗಳ ಚಕ್ರ: ಇದು ಮಸಾಲಿಯಾದ, ಅಂದರೆ ಇಂದಿನ ಮಾರ್ಸೇಯ ಗ್ರೀಕ್ ನಗರದ ಓಬೊಲ್. ಗಾಲ್ ನೆಲದಲ್ಲಿ ಧಾರಾಳವಾಗಿ ಸಿಗುತ್ತದೆ, ಆದರೆ ಯಾವ ಬುಡಕಟ್ಟಿನದೂ ಅಲ್ಲ. ಅದೇ ನಗರದ ಹಗುರ ದ್ರಾಕ್ಮಾ 2.7 ಗ್ರಾಂ ಹತ್ತಿರ ತೂಗುತ್ತದೆ.

1.8ರಿಂದ 2 ಗ್ರಾಂ, 12ರಿಂದ 14 ಮಿಲಿಮೀಟರ್ ಬಂದರೆ ನೀವು ಗಾಲ್‌ನ ನಡು ಮತ್ತು ಪೂರ್ವ ಭಾಗದಲ್ಲಿದ್ದೀರಿ. ರೋಮಿನ ದಿನಾರಿಯಸ್ ಸುಮಾರು 3.9 ಗ್ರಾಂ, ಅದರ ಅರ್ಧವೇ ಕ್ವಿನೇರಿಯಸ್. ಈಡೂಯಿ, ಸೀಕ್ವಾನಿ, ಲಿಂಗೋನೆಸ್ ಎಂಬ ಮೂರು ದೊಡ್ಡ ಬುಡಕಟ್ಟುಗಳು ಈ ಅರ್ಧ ದಿನಾರಿಯಸ್ ತೂಕಕ್ಕೆ ಕಟ್ಟುಬಿದ್ದವು. ರೋನ್ ಕಣಿವೆಯ ನಾಣ್ಯಗಳು ಇದೇ ಗುಂಪಿನ ನೆರೆಯವು, ಕೆಲವು ಒಂದಿಷ್ಟು ಹೆಚ್ಚು ತೂಗುತ್ತವೆ.

3ರಿಂದ 3.5 ಗ್ರಾಂ ಬಂದು, ಬಿಲ್ಲೆ ಚೌಕಾಕಾರವಾಗಿಯೋ ಮೂಲೆ ಕತ್ತರಿಸಿದಂತೆಯೋ ಇದ್ದರೆ ನೈಋತ್ಯದ ಟುಲೂಸ್ ಸುತ್ತಲಿನ, ಹಿಂಬದಿಯಲ್ಲಿ ಶಿಲುಬೆಯಾಕಾರ ಇರುವ ಶಿಲುಬೆ ನಾಣ್ಯವನ್ನು ಅನುಮಾನಿಸಿ. ಕೊನೆಗಾಲದವು ಇನ್ನೂ ಹಗುರ. 6ರಿಂದ 6.7 ಗ್ರಾಂ, 20 ಮಿಲಿಮೀಟರ್ ಮೇಲ್ಪಟ್ಟ, ಬೂದು ಕಂದು ಬಣ್ಣದ ದಪ್ಪ ಬಿಲ್ಲೆಯಾದರೆ ಅದು ಅರ್ಮೊರಿಕಾದ ಬಿಲ್ಲನ್ ಸ್ಟೇಟರ್. ಬಿಲ್ಲನ್ ಎಂದರೆ ತಾಮ್ರವೇ ಹೆಚ್ಚಾಗಿರುವ ಬೆಳ್ಳಿಯ ಮಿಶ್ರಲೋಹ.

ಇನ್ನು 10 ಗ್ರಾಂ ದಾಟಿದರೆ ನಿಲ್ಲಿಸಿ. ಅಷ್ಟು ಭಾರದ ಕೆಲ್ಟಿಕ್ ಬೆಳ್ಳಿ (ಗಾಲ್ ಜನರೂ ಕೆಲ್ಟರೇ) ಬಹುಮಟ್ಟಿಗೆ ಡ್ಯಾನ್ಯೂಬ್ ನದಿಯ ಕಡೆಯದು. ಮೆಸಿಡೋನಿಯದ ರಾಜ 2ನೆಯ ಫಿಲಿಪ್‌ನ ಟೆಟ್ರಾಡ್ರಾಕ್ಮಾ ಎಂಬ ದೊಡ್ಡ ಬೆಳ್ಳಿ ನಾಣ್ಯವನ್ನು ನೋಡಿ ಮಾಡಿದ್ದು, ಒಂದು ಬದಿ ಗಡ್ಡದ ಜ್ಯೂಸ್, ಇನ್ನೊಂದು ಬದಿ ಕುದುರೆ ಸವಾರ. ಗಾಲ್ ಎಂಬ ಚೀಟಿಯಡಿ ಇವು ಮಾರಾಟಕ್ಕೆ ಬರುತ್ತಲೇ ಇರುತ್ತವೆ.

ಸಾಮಾನ್ಯ ತಪ್ಪು: ಒಂದೇ ನಾಣ್ಯದ ತೂಕ ಪಟ್ಟಿಗಿಂತ ಕಾಲು ಗ್ರಾಂ ಕಡಿಮೆ ಬಂದ ತಕ್ಷಣ ಅದನ್ನು ಬೇರೆ ಸೀಮೆಗೆ ತಳ್ಳುವುದು. ಸವೆತ, ಅಂಚಿನ ಚೂರು ಹಾರಿರುವುದು, ಒಳಗೆ ತಾಮ್ರವಿರುವುದು, ಮೂರೂ ತೂಕ ಇಳಿಸುತ್ತವೆ. ತೂಕ ಸೀಮೆಯನ್ನು ಸೂಚಿಸುತ್ತದೆ, ತೀರ್ಪು ಕೊಡುವುದಿಲ್ಲ.

## ಹಂತ 3: ಬಿಲ್ಲೆಯ ಅಂಚು ನೋಡಿ

ನಾಣ್ಯವನ್ನು ಮಲಗಿಸದೆ, ಎರಡು ಬೆರಳುಗಳ ನಡುವೆ ನಿಲ್ಲಿಸಿ ಹಿಡಿದು, ಲೂಪಿನಲ್ಲಿ ಅಂಚನ್ನು ಪೂರ್ತಿ ಒಂದು ಸುತ್ತು ನೋಡಿ. ಶಿಲುಬೆ ನಾಣ್ಯಗಳಲ್ಲಿ ಉಳಿಯಿಂದ ಕಡಿದ ನೇರ ಮುಖಗಳು ಕಾಣುತ್ತವೆ: ಬೆಳ್ಳಿಯನ್ನು ತಗಡಿನಂತೆ ಮಾಡಿಕೊಂಡು, ಚೂರುಗಳಾಗಿ ಕತ್ತರಿಸಿ, ಆಮೇಲೆ ಅಚ್ಚು ಒತ್ತಿದ ಗುರುತು ಅದು. ನಮ್ಮಲ್ಲಿ ಕಾರ್ಷಾಪಣ ಎಂಬ ಪ್ರಾಚೀನ ಭಾರತದ ಬೆಳ್ಳಿ ನಾಣ್ಯ ಸಂಗ್ರಹಿಸುವವರಿಗೆ ಈ ಕತ್ತರಿಸಿದ ಮೂಲೆಗಳು ಹಳೆಯ ನೆಂಟರಂತೆ ಕಾಣುತ್ತವೆ. ಆದರೆ ಕಾರ್ಷಾಪಣದಲ್ಲಿ ಒಂದೊಂದು ಚಿಹ್ನೆಯನ್ನೂ ಬೇರೆ ಬೇರೆ ಮುದ್ರೆಯಿಂದ ಹೊಡೆದರೆ, ಇಲ್ಲಿ ಇಡೀ ಚಿತ್ರ ಒಂದೇ ಅಚ್ಚಿನದು. ಕ್ವಿನೇರಿಯಸ್‌ನ ಅಂಚು ದುಂಡಗೆ ಉಬ್ಬಿ, ಒಂದೆರಡು ಕಡೆ ಬಿರುಕು ಬಿಟ್ಟಿರುತ್ತದೆ. ಬಿರುಕು ದೋಷವೆಂದು ಹೆದರಬೇಡಿ. ಸುತ್ತಿಗೆಯ ಪೆಟ್ಟು ತಿಂದ ಬೆಳ್ಳಿಗೆ ಅದು ಸಹಜ.

ಎಚ್ಚರಿಕೆಯ ಗುರುತು: ಅಂಚಿನ ನಟ್ಟನಡುವೆ ಸುತ್ತಲೂ ಹೋಗುವ ಸಣ್ಣ ಗೆರೆ ಅಥವಾ ಅರದಿಂದ ಉಜ್ಜಿದ ಸಾಲುಗೀರು ಕಂಡರೆ ಎರಕದ ಅಥವಾ ಎರಡು ಹೋಳು ಅಂಟಿಸಿದ ನಕಲಿ ಎಂದೇ ಹಿಡಿದು ಮುಂದಿನ ಕೆಲಸ ನಿಲ್ಲಿಸಿ.

## ಹಂತ 4: ಬೆಳಕು ಮತ್ತು ಚಿತ್ರ

ದೀಪವನ್ನು ನಾಣ್ಯದ ಎಡ ಮೇಲ್ಭಾಗದಿಂದ, ಮೇಜಿಗೆ ತೀರ ತಗ್ಗಿನಲ್ಲಿ ಬೀಳುವಂತೆ ಇಡಿ. ಮೇಲಿನಿಂದ ನೇರ ಬಿದ್ದ ಬೆಳಕು ಅಕ್ಷರಗಳನ್ನು ನುಂಗುತ್ತದೆ. ಬಲ ಕೆಳಗಿನಿಂದ ಬಂದ ಬೆಳಕು ಉಬ್ಬನ್ನು ಗುಳಿಯಾಗಿ ತೋರಿಸಿ ಕಣ್ಣನ್ನು ಮೋಸಗೊಳಿಸುತ್ತದೆ. ದೀಪ ಅಲ್ಲೇ ಇರಲಿ, ನಾಣ್ಯವನ್ನು ಕಾಲು ಸುತ್ತು ತಿರುಗಿಸುತ್ತ ಪ್ರತಿ ಬದಿಗೂ ನಾಲ್ಕು ಚಿತ್ರ ತೆಗೆಯಿರಿ. ಮೊಬೈಲ್ ಕ್ಯಾಮೆರಾ ಸಾಕು, ಫ್ಲ್ಯಾಶ್ ಬೇಡ.

## ಹಂತ 5: ಹಿಂಬದಿಯನ್ನು ಮೊದಲು ಓದಿ

ಮುಖ ಎಲ್ಲ ಸೀಮೆಗಳಲ್ಲೂ ಇದೆ, ಹಾಗಾಗಿ ಮುಖದಿಂದ ಹೆಚ್ಚು ತಿಳಿಯುವುದಿಲ್ಲ. ಸೀಮೆಯನ್ನು ಬಿಟ್ಟುಕೊಡುವುದು ಹಿಂಬದಿ.

ಮೊದಲು ನಾಣ್ಯವನ್ನು ನೆಟ್ಟಗೆ ನಿಲ್ಲಿಸಬೇಕು. ಕುದುರೆಯ ಕಾಲುಗಳು ಹೆಚ್ಚಾಗಿ ಗೆರೆಗಳಂತೆ, ಕೀಲುಗಳು ಗುಂಡುಗಳಂತೆ ಇರುತ್ತವೆ. ನಾಲ್ಕು ಗೆರೆಗಳು ಒಂದೇ ದಿಕ್ಕಿಗೆ ಹೊರಟ ಕಡೆಯೇ ಕೆಳಗು. ಬಾಲ ಮತ್ತು ಕತ್ತು ಅದಲುಬದಲಾಗಿ ಕಾಣುವುದುಂಟು, ಆಗ ಕಿವಿಯನ್ನು ಹುಡುಕಿ. ಆಮೇಲೆ ಕುದುರೆ ಎಡಕ್ಕೆ ಮುಖ ಮಾಡಿದೆಯೋ ಬಲಕ್ಕೋ, ಒಂಟಿಯೋ ಸವಾರ ಇದ್ದಾನೋ, ಬೆನ್ನ ಮೇಲೆ ಏನಿದೆ, ಹೊಟ್ಟೆಯ ಕೆಳಗೆ ಏನಿದೆ, ಈ ನಾಲ್ಕನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ. ಹೊಟ್ಟೆಯ ಕೆಳಗಿನ ಚಿಹ್ನೆ ಕುದುರೆಗಿಂತ ಮುಖ್ಯ ಎಂದು ನನ್ನ ಅಭಿಪ್ರಾಯ. ಟೊಗಿರಿಕ್ಸ್ ಎಂಬ ಹೆಸರಿರುವ ಸೀಕ್ವಾನಿ ಕ್ವಿನೇರಿಯಸ್‌ನಲ್ಲಿ ಎಡಕ್ಕೆ ಓಡುವ ಕುದುರೆಯ ಕೆಳಗೆ ಹಾವು ಸುರುಳಿಯಾಡುತ್ತದೆ; ಅಕ್ಷರವೆಲ್ಲ ಅಳಿಸಿಹೋದ ಬಿಲ್ಲೆಯಲ್ಲೂ ಆ ಹಾವು ಎಷ್ಟೋ ಸಲ ಉಳಿದಿರುತ್ತದೆ.

ಸವಾರನಿದ್ದರೆ ಎರಡು ದಾರಿ. ಈಟಿ ಹಿಡಿದು ಬಲಕ್ಕೆ ನುಗ್ಗುವ ಸವಾರ, ಜೊತೆಗೆ ಡುರ್ನಾಕೊಸ್ ಎಂಬ ಬರಹ ಇದ್ದರೆ ರೋನ್ ಕಣಿವೆಯ ಗುಂಪು. ಸವಾರನ ಕೈಯಲ್ಲಿ ಕಾಡುಹಂದಿಯ ಲಾಂಛನವಿದ್ದು ಲಿಟಾ ಎಂದು ಓದಲು ಬಂದರೆ ಈಡೂಯಿ ಕಡೆ ನೋಡಿ. ಗಾಲ್ ನಾಡನ್ನು ಗೆದ್ದ ರೋಮಿನ ಸೇನಾನಿ ಸೀಸರನ ಬರಹದಲ್ಲಿ ಬರುವ ಈಡೂಯಿ ನಾಯಕ ಲಿಟವಿಕ್ಕಸ್‌ನೊಡನೆ ಇದನ್ನು ಜೋಡಿಸಲಾಗುತ್ತದೆ. ಕುದುರೆಯ ಮುಂಭಾಗಕ್ಕೆ ಮೀನಿನ ಬಾಲ ಅಂಟಿದ ಹಿಪೊಕ್ಯಾಂಪ್, ಅಥವಾ ಕೊಂಬು ಬಾಗಿದ ಬೆಟ್ಟದ ಮೇಕೆ ಕಂಡರೆ ಅಲ್ಲೋಬ್ರೊಗೆಸ್ ಬುಡಕಟ್ಟು. ಕುದುರೆಯೇ ಇಲ್ಲದೆ ಯೋಧನೊಬ್ಬ ಒಂದು ಕೈಯಲ್ಲಿ ಹಂದಿಯ ಲಾಂಛನ ಮತ್ತು ಕಾರ್ನಿಕ್ಸ್ ಎಂಬ ರಣಕಹಳೆ, ಇನ್ನೊಂದು ಕೈಯಲ್ಲಿ ಕಡಿದ ತಲೆ ಹಿಡಿದು ನಿಂತಿದ್ದರೆ, ಅದು ಡುಬ್ನೊರೆಯಿಕ್ಸ್ ಎಂಬ ಹೆಸರಿನ ಈಡೂಯಿ ನಾಣ್ಯ; ಕ್ರಿಸ್ತಪೂರ್ವ 54ರಲ್ಲಿ ಸೀಸರನ ಆಜ್ಞೆಯಂತೆ ಕೊಲೆಯಾದ ಡುಮ್ನೊರಿಕ್ಸ್ ಇವನೇ ಎಂಬುದು ಸಾಮಾನ್ಯ ಅಭಿಪ್ರಾಯ.

ಶಿಲುಬೆ ಕಂಡರೆ ವಿಧಾನ ಬೇರೆ. ಇದರ ಮೂಲ ಸ್ಪೇನಿನ ಕ್ಯಾಟಲೋನಿಯಾ ಕರಾವಳಿಯ ರೋಡೆ ಎಂಬ ಗ್ರೀಕ್ ಊರಿನ ದ್ರಾಕ್ಮಾ. ಅದರ ಹಿಂಬದಿಯಲ್ಲಿ ಕೆಳಗಿನಿಂದ ನೋಡಿದಂತೆ ಬಿಡಿಸಿದ ಗುಲಾಬಿಯಿತ್ತು. ವೋಲ್ಕಿ ಟೆಕ್ಟೋಸಾಜೆಸ್ ಬುಡಕಟ್ಟು ಮತ್ತು ನೆರೆಯವರ ಕೈಯಲ್ಲಿ ಅದು ನಾಲ್ಕು ತೋಳಿನ ಶಿಲುಬೆಯಾಯಿತು. ಕ್ರೈಸ್ತ ಶಿಲುಬೆ ಎಂದು ಬರೆದು ಕಳಿಸುವವರು ಇಂದಿಗೂ ಇದ್ದಾರೆ, ಕ್ರಿಸ್ತ ಹುಟ್ಟುವ ಮೊದಲಿನ ನಾಣ್ಯಕ್ಕೆ! ಇಲ್ಲಿ ನೋಡಬೇಕಾದದ್ದು ತೋಳುಗಳ ನಡುವಿನ ನಾಲ್ಕು ಕಾಲುಭಾಗಗಳನ್ನು. ಒಂದರಲ್ಲಿ ಕೊಡಲಿ, ಉಳಿದವುಗಳಲ್ಲಿ ಅರ್ಧಚಂದ್ರ, ಅಂಡಾಕಾರ, ಬೊಟ್ಟು, ಹೀಗೆ. ನಾನು ಕೊಡಲಿ ಇರುವ ಭಾಗದಿಂದ ಶುರುಮಾಡಿ ಗಡಿಯಾರದ ದಿಕ್ಕಿನಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಬರೆಯುತ್ತೇನೆ. ಹೀಗೆ ಒಂದೇ ಕ್ರಮ ಇಟ್ಟುಕೊಂಡರೆ ಎರಡು ನಾಣ್ಯಗಳನ್ನು ಹೋಲಿಸುವಾಗ ತಿರುಗಿಸಿದ ಗೊಂದಲ ಇರುವುದಿಲ್ಲ.

ಅರ್ಮೊರಿಕಾದ ಸ್ಟೇಟರ್‌ಗಳಲ್ಲಿ ಕುದುರೆಯ ಕೆಳಗೆ ಕಾಡುಹಂದಿ ಅಥವಾ ಲೈರ್ ವಾದ್ಯ ಇದ್ದರೆ ಕೊರಿಯೊಸೊಲಿಟೆಸ್ ಬುಡಕಟ್ಟು ಮೊದಲ ಊಹೆ, ಚಕ್ರ ಇದ್ದರೆ ರೆಡೋನೆಸ್. 2012ರಲ್ಲಿ ಜೆರ್ಸಿ ದ್ವೀಪದ ಗ್ರೂವಿಲ್ ಬಳಿ ಸಿಕ್ಕ ನಿಧಿಯಲ್ಲಿ ಸುಮಾರು 70,000 ನಾಣ್ಯಗಳಿದ್ದು, ಬಹುಪಾಲು ಕೊರಿಯೊಸೊಲಿಟೆಸ್‌ನದೇ. ಅವೆಲ್ಲ ತಾಮ್ರದ ಹಸಿರಿನಿಂದ ಒಂದಕ್ಕೊಂದು ಬೆಸೆದು ಒಂದೇ ಗಟ್ಟಿಯಾಗಿ ಮೇಲೆ ಬಂದವು, ಬಿಡಿಸಲು ವರ್ಷಗಳೇ ಹಿಡಿದವು. ನಿಮ್ಮ ಸ್ಟೇಟರಿನಲ್ಲಿ ಹಸಿರು ಅಂಟಿದ್ದರೆ ಅದು ಬೆಳ್ಳಿಯಲ್ಲ ಎಂದು ಎಸೆಯಬೇಡಿ ಎಂದು ಹೇಳಲು ಇದನ್ನು ಬರೆದೆ.

## ಹಂತ 6: ಮುಂಬದಿಯಲ್ಲಿ ಮೂಲವನ್ನು ಹುಡುಕಿ

ಮುಖ ಚೆನ್ನಾಗಿದೆಯೇ ಎಂದು ಕೇಳಬೇಡಿ, ಇದು ಯಾವುದರ ನಕಲು ಎಂದು ಕೇಳಿ. ಕ್ವಿನೇರಿಯಸ್‌ನ ಮುಖ ಬಹುಪಾಲು ರೋಮಾ ಎಂಬ ದೇವತೆಯದು, ದಿನಾರಿಯಸ್‌ನಿಂದ ಎತ್ತಿದ್ದು. ಅವಳ ಶಿರಸ್ತ್ರಾಣದ ರೆಕ್ಕೆ ಒಂದೊಂದು ಅಚ್ಚಿನಲ್ಲೂ ಸವೆಯುತ್ತ ಹೋಗಿ ಬಾಚಣಿಗೆಯಂತೆ, ಕೊನೆಗೆ ನಾಲ್ಕು ಗೆರೆಯಂತೆ ಆಗುತ್ತದೆ. ಹೊಸಬರು ಅದನ್ನು ಜಡೆ ಎಂದೋ ಡ್ರೂಯಿಡ್ ಪೂಜಾರಿಯ ಟೊಪ್ಪಿ ಎಂದೋ ಬರೆಯುತ್ತಾರೆ. ನೈಋತ್ಯದ ಮುಖ ರೋಡೆಯ ಹೆಣ್ಣುಮುಖದಿಂದ ಬಂದದ್ದು. ಅರ್ಮೊರಿಕಾದಲ್ಲಿ ದೊಡ್ಡ ಸುರುಳಿಗೂದಲಿನ ತಲೆ. ಓಸಿಸ್ಮಿ ಬುಡಕಟ್ಟಿನ ಸ್ಟೇಟರ್‌ಗಳಲ್ಲಿ ತಲೆಯ ಸುತ್ತ ಮಣಿಸರಗಳು ಹೊರಟು, ಸರದ ತುದಿಯಲ್ಲಿ ಪುಟ್ಟ ತಲೆಗಳು ಜೋತುಬಿದ್ದಿರುತ್ತವೆ.

ನಕಲು ನಕಲಾಗುತ್ತ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಮಸಾಲಿಯಾದ ಸಿಂಹವೇ ಸಾಕ್ಷಿ: ಆಲ್ಪ್ಸ್ ದಾಟಿ ಇಟಲಿಯ ಪೋ ಕಣಿವೆಯ ಕೆಲ್ಟರ ಕೈಗೆ ಬಿದ್ದ ಮೇಲೆ ಅದು ಚೇಳಿನಂತೆ ಕಾಣುವ ಪ್ರಾಣಿಯಾಯಿತು. ಹಾಗಾಗಿ ಚೇಳು ಎಂದು ಬರೆಯುವ ಮೊದಲು ಅದರ ಅಜ್ಜ ಸಿಂಹವಾಗಿರಬಹುದೇ ನೋಡಿ.

## ಹಂತ 7: ಅಕ್ಷರಗಳು

ಹೆಚ್ಚು ಜನ ಸೋಲುವ ಹಂತ ಇದು, ನಾನೂ ಸೋತಿದ್ದೇನೆ. ನನ್ನ ಮೊದಲ ಕ್ವಿನೇರಿಯಸ್‌ನಲ್ಲಿ ಟೊಗಿರಿ ಎಂದು ಓದಿ, ಟೊಗಿರಿ ಎಂಬ ಬುಡಕಟ್ಟನ್ನು ಭೂಪಟದಲ್ಲಿ ಹುಡುಕುತ್ತ ಒಂದು ವಾರ ಕಳೆದೆ. ಅಂಥ ಬುಡಕಟ್ಟೇ ಇರಲಿಲ್ಲ. ಅದು ಮನುಷ್ಯನ ಹೆಸರು.

ಇದನ್ನೇ ಮೊದಲ ನಿಯಮವಾಗಿ ಇಟ್ಟುಕೊಳ್ಳಿ: ಗಾಲ್‌ನ ಬೆಳ್ಳಿಯ ಮೇಲಿನ ಬರಹ ಹೆಚ್ಚಾಗಿ ವ್ಯಕ್ತಿಯ ಹೆಸರು, ಬುಡಕಟ್ಟಿನದಲ್ಲ. ರಿಕ್ಸ್ ಎಂಬ ಕೊನೆ ರಾಜ ಎಂಬ ಅರ್ಥದ್ದು, ಹೆಸರಿನ ಭಾಗ. ಬುಡಕಟ್ಟಿನ ಹೆಸರು ಸೇರಿದ ಬರಹಗಳು ಕೆಲವೇ: ಹಿಂಬದಿಯಲ್ಲಿ ಕಾಡುಹಂದಿ ಇರುವ ಸೆಕ್ವನೊಯೊಟುವೊಸ್, ಸಾಂಟೋನೆಸ್ ಬುಡಕಟ್ಟಿನ ಕಡೆಯ ಅರಿವೊಸ್–ಸಾಂಟೊನೊ, ಇಂಥವು. ಸಿಕ್ಕರೆ ಅದೃಷ್ಟ, ಎಲ್ಲದರಲ್ಲೂ ಹುಡುಕಬೇಡಿ.

ಎರಡನೆಯದು ಲಿಪಿ. ಗ್ರೀಕ್ ಮತ್ತು ಲ್ಯಾಟಿನ್ ಎರಡೂ ಬಳಕೆಯಲ್ಲಿದ್ದವು. ಕ್ರಿಸ್ತಪೂರ್ವ 58ರಲ್ಲಿ ಹೆಲ್ವೇಟಿ ಬುಡಕಟ್ಟಿನವರ ಪಾಳೆಯದಲ್ಲಿ ಗ್ರೀಕ್ ಅಕ್ಷರದ ಪಟ್ಟಿಗಳು ಸಿಕ್ಕವೆಂದು ಸೀಸರ್ ಬರೆದಿದ್ದಾನೆ. ಒಂದೇ ನಾಣ್ಯದಲ್ಲಿ ಎರಡೂ ಬೆರೆಯುವುದಿದೆ. ತ್ರಿಕೋನ ಕಂಡರೆ ಡೆಲ್ಟಾ, ಡಕಾರ. ಅಡ್ಡಗೆರೆ ಇಲ್ಲದ ಡೇರೆಯಾಕಾರ ಲ್ಯಾಂಬ್ಡಾ ಆಗಬಹುದು, ಅಡ್ಡಗೆರೆ ಕೊರೆಯುವುದನ್ನು ಬಿಟ್ಟ ಅಕಾರವೂ ಆಗಬಹುದು. ಎರಡನ್ನೂ ಇಟ್ಟು ಓದಿ ನೋಡಬೇಕು. ಪಕ್ಕಪಕ್ಕ ನಿಂತ ಎರಡು ನೇರ ಗೆರೆಗಳು ಹೆಚ್ಚಾಗಿ ಎಕಾರ. ಪಿಕ್ಟೋನೆಸ್ ಬುಡಕಟ್ಟಿಗೆ ಸೇರಿಸುವ ಒಂದು ಕ್ವಿನೇರಿಯಸ್‌ನ ಬರಹವನ್ನು ಇದು ತಿಳಿಯದವರು ವಿಯಿಪೊಟಾಲ್ ಎಂದು ಓದುತ್ತಾರೆ, ಅದು ವೆಪೊಟಾಲ್.

ಮೂರನೆಯದು ಕಾಣೆಯಾದ ಅಕ್ಷರ. ಅಚ್ಚು ಬಿಲ್ಲೆಗಿಂತ ದೊಡ್ಡದಾಗಿದ್ದುದರಿಂದ ಒಂದು ನಾಣ್ಯದಲ್ಲಿ ಇಡೀ ಬರಹ ಬಿದ್ದಿರುವುದೇ ಕಡಿಮೆ. ಇಲ್ಲಿ ಟ್ರೇಸಿಂಗ್ ಕಾಗದ ಕೆಲಸಕ್ಕೆ ಬರುತ್ತದೆ. ನಿಮ್ಮ ನಾಣ್ಯದ ಹಿಂಬದಿಯ ಚಿತ್ರವನ್ನು ಅಂಗೈ ಅಗಲಕ್ಕೆ ಮುದ್ರಿಸಿ, ಮೇಲೆ ಕಾಗದವಿಟ್ಟು, ಕಂಡದ್ದನ್ನು ಮಾತ್ರ ಪೆನ್ಸಿಲ್ಲಿನಲ್ಲಿ ಎಳೆಯಿರಿ, ಊಹಿಸಿದ್ದನ್ನು ಎಳೆಯಬೇಡಿ. ಅದೇ ಬಗೆಯ ಐದಾರು ನಾಣ್ಯಗಳ ಚಿತ್ರಗಳನ್ನು ಅದೇ ಅಳತೆಗೆ ತಂದು, ಕುದುರೆಯ ಕಣ್ಣು ಮತ್ತು ಮುಂಗಾಲಿನ ಕೀಲು ಹೊಂದುವಂತೆ ಕಾಗದವನ್ನು ಒಂದಾದ ಮೇಲೊಂದರ ಮೇಲೆ ಸರಿಸಿದರೆ, ಒಂದರಲ್ಲಿ ಅಂಚಿನಾಚೆ ಹೋದ ಅಕ್ಷರ ಇನ್ನೊಂದರಲ್ಲಿ ಸಿಗುತ್ತದೆ.

ಒಂದು ನಾಣ್ಯವನ್ನು ಹತ್ತಿರದಿಂದ ನೋಡೋಣ. ತೂಕ 1.93 ಗ್ರಾಂ, ಅಳತೆ 13.1 ಮತ್ತು 12.4 ಮಿಲಿಮೀಟರ್. ಮುಂಬದಿಯಲ್ಲಿ ಶಿರಸ್ತ್ರಾಣ ತೊಟ್ಟ ತಲೆ, ಎಡಕ್ಕೆ. ಹಿಂಬದಿಯಲ್ಲಿ ಎಡಕ್ಕೆ ಓಡುವ ಕುದುರೆ. ಬೆನ್ನ ಮೇಲೆ ಮೂರು ಅಕ್ಷರ, ಮೂರನೆಯದು ಡೇರೆಯಂತೆ. ಕಾಲಿನ ಕೆಳಗೆ ಎಕಾರದಂಥದು, ತ್ರಿಕೋನ, ಒಂದು ವೃತ್ತ, ಮತ್ತೆ ಅಂಚು. ಇದು ಕಲೆಟೆಡೌ ಎಂಬುದನ್ನು ಗ್ರೀಕ್ ಅಕ್ಷರಗಳಲ್ಲಿ ಕುಗ್ಗಿಸಿ ಬರೆದ ಕ್ವಿನೇರಿಯಸ್, ಗಾಲ್‌ನ ಬೆಳ್ಳಿಯಲ್ಲಿ ಹೇರಳವಾಗಿ ಸಿಗುವ ಬಗೆ. ಕೆಳಗಿನ ಅಕ್ಷರಗಳನ್ನು ಮಾತ್ರ ಓದಿದವರಿಗೆ ಎಡೌ ಎಂಬುದು ಈಡೂಯಿ ಎಂದೇ ಕೇಳಿಸುತ್ತದೆ, ಹಾಗೇ ಚೀಟಿಯಲ್ಲೂ ಬರೆಯುತ್ತಾರೆ. ಈ ನಾಣ್ಯವನ್ನು ಇಂದು ಸಾಮಾನ್ಯವಾಗಿ ಲಾಂಗ್ರ್ ಊರಿನ ಸುತ್ತಲಿನ ಲಿಂಗೋನೆಸ್‌ಗೆ ಸೇರಿಸುತ್ತಾರೆ. ಅರ್ಧ ಬರಹ ಓದಿ ಬುಡಕಟ್ಟು ಹೇಳಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ರೋಮನ್ ಛಾಯೆಯ ಹೆಸರು ಕಂಡರೆ ಗಾಬರಿಯಾಗಬೇಡಿ. ಕ್ವಿಂಟಸ್ ಡೊಕಿ, ಸ್ಯಾಮ್ ಎಂಬವನ ಮಗ, ಎಂದು ಹೇಳುವ ಕ್ವಿನೇರಿಯಸ್ ಸೀಕ್ವಾನಿಯದೇ. ಪಿಕ್ಟೋನೆಸ್‌ನ ಡುರಾಟ್–ಯೂಲಿಯೊಸ್ ನಾಣ್ಯದಲ್ಲಿ ಸೀಸರನ ಪಕ್ಷದಲ್ಲಿದ್ದ ಡುರಾಟಿಯಸ್ ತನ್ನ ಹೆಸರಿಗೆ ಸೀಸರನ ಮನೆತನದ ಹೆಸರನ್ನೇ ಸೇರಿಸಿಕೊಂಡಿದ್ದಾನೆ. ಅಷ್ಟರಿಂದಲೇ ನಾಣ್ಯದ ಕಾಲ ಸೀಸರನ ಗಾಲ್ ಯುದ್ಧದ ಹೊತ್ತಿಗೋ ಆಮೇಲಕ್ಕೋ ಬಂದು ನಿಲ್ಲುತ್ತದೆ.

## ಹಂತ 8: ಚಿತ್ರಪಟಗಳೊಡನೆ ಹೋಲಿಕೆ

1892ರಲ್ಲಿ ಆನ್ರಿ ದ ಲಾ ಟೂರ್ ಸಿದ್ಧಪಡಿಸಿದ ಗಾಲ್ ನಾಣ್ಯಗಳ ಚಿತ್ರಪಟ ಹಳೆಯದಾದರೂ ಈಗಲೂ ಎಲ್ಲರೂ ಉಲ್ಲೇಖಿಸುವ ಮೂಲ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ತಾಣದಲ್ಲಿ ಉಚಿತವಾಗಿ ನೋಡಬಹುದು. ಹರಾಜು ಪಟ್ಟಿಗಳಲ್ಲಿ ಎಲ್‌ಟಿ (ಲಾ ಟೂರ್) ಎಂಬ ಗುರುತಿನ ಮುಂದೆ ಬರುವ ನಾಲ್ಕಂಕಿಯ ಸಂಖ್ಯೆ ಅದೇ ಗ್ರಂಥಾಲಯದ ನಾಣ್ಯ ಸಂಗ್ರಹದ ಕ್ರಮಸಂಖ್ಯೆ. ಅದನ್ನು ಪುಟಸಂಖ್ಯೆ ಎಂದುಕೊಂಡು ಹುಡುಕಿ ಸುಸ್ತಾದವರು ಬಹಳ ಮಂದಿ.

ಅಲ್ಲಿರುವುದು ಕೈಯಿಂದ ಬಿಡಿಸಿದ ರೇಖಾಚಿತ್ರ. ಕಲಾವಿದನ ಕೈ ಕೆಲವು ಕಡೆ ನಾಣ್ಯಕ್ಕಿಂತ ಚೊಕ್ಕವಾಗಿದೆ. ಹಾಗಾಗಿ ಚಿತ್ರಪಟದಿಂದ ಬಗೆಯನ್ನು ಹಿಡಿಯಿರಿ, ಆಮೇಲೆ ಛಾಯಾಚಿತ್ರಗಳಿಂದ ಖಚಿತಪಡಿಸಿಕೊಳ್ಳಿ. ಅಲ್ಲಿನ ಬುಡಕಟ್ಟಿನ ಹೆಸರುಗಳನ್ನು ಮಾತ್ರ ಹಾಗೆಯೇ ನಕಲು ಮಾಡಬೇಡಿ. ಆ ಹೊತ್ತಿಗಿಂತ ಈಚೆಗೆ ನಡೆದ ಉತ್ಖನನಗಳು ಎಷ್ಟೋ ನಾಣ್ಯಗಳನ್ನು ಒಂದು ಬುಡಕಟ್ಟಿನಿಂದ ಇನ್ನೊಂದಕ್ಕೆ ಸರಿಸಿವೆ.

## ಹಂತ 9: ಸಿಕ್ಕ ಜಾಗ

ನಾಣ್ಯ ಎಲ್ಲಿ ಸಿಕ್ಕಿತು ಎಂಬ ಮಾಹಿತಿ ಇದ್ದರೆ ಅದು ಬಂಗಾರ, ಆದರೆ ಒಂಟಿ ಜಾಗವನ್ನು ನಂಬುವಂತಿಲ್ಲ. ಅಲೇಸಿಯಾವನ್ನೇ ತೆಗೆದುಕೊಳ್ಳಿ. ಇಂದಿನ ಅಲೀಸ್-ಸೇಂಟ್-ರೇನ್ ಊರಿನ ಆ ಗುಡ್ಡ ಮಾಂಡುಬಿ ಬುಡಕಟ್ಟಿನ ನೆಲ. ಕ್ರಿಸ್ತಪೂರ್ವ 52ರಲ್ಲಿ ಸೀಸರ್ ಅದಕ್ಕೆ ಮುತ್ತಿಗೆ ಹಾಕಿದಾಗ ಗಾಲ್‌ನ ಮೂಲೆಮೂಲೆಯಿಂದ ಪಡೆಗಳು ಬಂದು ಸೇರಿದ್ದವು, ಸೈನಿಕರ ಚೀಲದ ಕಾಸೂ ಜೊತೆಗೆ ಬಂದಿತ್ತು. 1860ರ ದಶಕದಲ್ಲಿ ಫ್ರಾನ್ಸಿನ ಚಕ್ರವರ್ತಿ 3ನೆಯ ನೆಪೋಲಿಯನ್ ಅಲ್ಲಿ ಅಗೆಸಿದಾಗ ಬೇರೆಬೇರೆ ಬುಡಕಟ್ಟುಗಳ ನಾಣ್ಯಗಳು ಕಂದಕದಲ್ಲಿ ಬೆರೆತು ಸಿಕ್ಕವು. ಅಲೇಸಿಯಾದಲ್ಲಿ ಸಿಕ್ಕ ಮಾತ್ರಕ್ಕೆ ಮಾಂಡುಬಿ ನಾಣ್ಯ ಎನ್ನುವುದಾದರೆ, ಜಾತ್ರೆಯಲ್ಲಿ ಬಿದ್ದ ಕಾಸೆಲ್ಲ ಆ ಊರಿನವರದೇ ಎಂದಂತೆ.

ನೋಡಬೇಕಾದದ್ದು ಚೆಲ್ಲಾಪಿಲ್ಲಿಯಾಗಿ ಸಿಕ್ಕ ಬಿಡಿ ನಾಣ್ಯಗಳು ಎಲ್ಲಿ ದಟ್ಟವಾಗಿವೆ ಎಂಬುದನ್ನು. ಗಟ್ಟಿ ನಿಧಿ ದೂರ ಪಯಣಿಸಬಲ್ಲದು. ದಿನಬಳಕೆಯಲ್ಲಿ ಕೈಜಾರಿ ಬಿದ್ದ ಬಿಡಿ ಬಿಲ್ಲೆ ಮನೆಯ ಹತ್ತಿರವೇ ಇರುತ್ತದೆ.

## ಹಂತ 10: ಮೋಸದ ಗುರುತುಗಳು

ಮೊದಲು ಹಳೆಯ ಮೋಸವನ್ನೂ ಹೊಸ ಮೋಸವನ್ನೂ ಬೇರೆ ಮಾಡಿಕೊಳ್ಳಿ. ತಾಮ್ರದ ತಿರುಳಿಗೆ ಬೆಳ್ಳಿ ಹಾಳೆ ಹೊದಿಸಿದ ಕ್ವಿನೇರಿಯಸ್‌ಗಳು ಆ ಕಾಲದಲ್ಲೇ ಇದ್ದವು. ಮೂಗಿನ ತುದಿ, ಕುದುರೆಯ ತೊಡೆ, ಅಂಚು, ಈ ಎತ್ತರದ ಜಾಗಗಳಲ್ಲಿ ಕೆಂಪು ಅಥವಾ ಹಸಿರು ಇಣುಕುತ್ತದೆ, ತೂಕ 1.6 ಗ್ರಾಂ ಸುತ್ತಮುತ್ತ ಇಳಿದಿರಬಹುದು. ಅವು ಪುರಾತನವೇ. ಹಾಗೆಂದು ಚೀಟಿಯಲ್ಲಿ ಬರೆಯಿರಿ.

ಹೊಸ ನಕಲಿಗೆ ಲಕ್ಷಣ ಬೇರೆ. ಲೂಪಿನಲ್ಲಿ ಮೈಮೇಲೆ ಗುಂಡಗಿನ ಸಣ್ಣ ಗುಳ್ಳೆಗಳು, ಅಕ್ಷರದ ಬುಡ ಮೇಣ ಕರಗಿದಂತೆ ಮೃದು, ಚಿತ್ರದ ಎಲ್ಲ ಭಾಗವೂ ಒಂದೇ ಪ್ರಮಾಣದಲ್ಲಿ ಮಸುಕು. ಇವೆಲ್ಲಕ್ಕಿಂತ ಖಚಿತವಾದ ಗುರುತು ಜೋಡಿ ನಾಣ್ಯ: ಒಂದೇ ಅಚ್ಚಿನಿಂದ ಎರಡು ನಾಣ್ಯ ಬರುವುದು ಸಹಜ, ಆದರೆ ಒಂದೇ ಜಾಗದಲ್ಲಿ ಬಿರುಕು, ಒಂದೇ ಬದಿಗೆ ಸರಿದ ಚಿತ್ರ, ಒಂದೇ ಆಕಾರದ ಅಂಚು ಎರಡರಲ್ಲೂ ಇದ್ದರೆ ಕನಿಷ್ಠ ಒಂದು ಎರಕದ್ದು. ಬಿರುಕು ಸುತ್ತಿಗೆಯ ಪೆಟ್ಟಿನಿಂದ ಆಗುವುದು, ಅಚ್ಚಿನಿಂದ ಆಗುವುದಿಲ್ಲ.

ಹಸಿ ಮಣ್ಣು ಅಂಟಿದ ನಾಣ್ಯವನ್ನು ಈಗಷ್ಟೇ ಸಿಕ್ಕಿದ್ದು ಎಂದು ಮಾರುವವರಿಂದ ದೂರವಿರಿ. ಒಂದೋ ಮಣ್ಣು ಮೆತ್ತಿದ ನಕಲಿ, ಇಲ್ಲವೇ ಕದ್ದು ಅಗೆದದ್ದು. ಫ್ರಾನ್ಸಿನಲ್ಲಿ ಅನುಮತಿ ಇಲ್ಲದೆ ಲೋಹಶೋಧಕ ಹಿಡಿದು ಪುರಾತನ ವಸ್ತು ಹುಡುಕುವುದು ಕಾನೂನಿಗೆ ವಿರುದ್ಧ. ಭಾರತದಲ್ಲಿರುವ ಸಂಗ್ರಾಹಕರಿಗೆ ಇನ್ನೊಂದು ಮಾತು: ನಮ್ಮ 1972ರ ಪುರಾವಸ್ತು ಕಾಯ್ದೆ ನೂರು ವರ್ಷ ಮೀರಿದ ನಾಣ್ಯವನ್ನು ಪುರಾವಸ್ತು ಎಂದು ಪರಿಗಣಿಸಿ, ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವುದನ್ನು ನಿಷೇಧಿಸುತ್ತದೆ. ತರಿಸಿಕೊಂಡು, ನಕಲಿಯಾದರೆ ವಾಪಸ್ ಕಳಿಸಿದರಾಯಿತು ಎಂಬ ಲೆಕ್ಕಾಚಾರದಲ್ಲಿ ಯುರೋಪಿನ ಹರಾಜಿನಿಂದ ಕೊಳ್ಳಬೇಡಿ. ಬಿಲ್ಲು, ಹಿಂದಿನ ಮಾಲೀಕತ್ವದ ವಿವರ, ಆಮದು ಕಾಗದ ಮೂರನ್ನೂ ನಾಣ್ಯದ ಜೊತೆಗೇ ಇಟ್ಟುಕೊಳ್ಳಿ.

## ಹಂತ 11: ಚೀಟಿ ಬರೆಯುವುದು

ಆಮ್ಲವಿಲ್ಲದ ಕಾಗದದ ಚೀಟಿಯಲ್ಲಿ ಅಳತೆಗಳನ್ನು ಪೆನ್ನಿನಿಂದ ಬರೆಯಿರಿ, ಏಕೆಂದರೆ ಅವು ಬದಲಾಗುವುದಿಲ್ಲ. ಬರಹವನ್ನು ಬರೆಯುವಾಗ ಕಂಡ ಅಕ್ಷರಗಳನ್ನು ಹಾಗೆಯೇ, ಊಹಿಸಿದ ಅಕ್ಷರಗಳನ್ನು ಆವರಣ ಚಿಹ್ನೆಯೊಳಗೆ ಬರೆಯಿರಿ. ಬುಡಕಟ್ಟಿನ ಹೆಸರಿನ ಹಿಂದೆ ಮೂರರಲ್ಲಿ ಒಂದು ಪದ ಇರಲೇಬೇಕು: ಖಚಿತ, ಸಂಭವ, ಅಥವಾ ಸೀಮೆ ಮಾತ್ರ. ಮೇಲೆ ನೋಡಿದ ನಾಣ್ಯದ ಚೀಟಿ ನನ್ನಲ್ಲಿ ಹೀಗಿದೆ:

ಕ್ವಿನೇರಿಯಸ್, ಬೆಳ್ಳಿ. 1.93 ಗ್ರಾಂ, 13.1 × 12.4 ಮಿ.ಮೀ. ಮುಂಬದಿ: ಶಿರಸ್ತ್ರಾಣದ ತಲೆ ಎಡಕ್ಕೆ. ಹಿಂಬದಿ: ಕುದುರೆ ಎಡಕ್ಕೆ, ಮೇಲೆ ಕಪ್ಪಾ ಆಲ್ಫಾ ಲ್ಯಾಂಬ್ಡಾ, ಕೆಳಗೆ ಎಪ್ಸಿಲಾನ್ ಡೆಲ್ಟಾ ಓಮಿಕ್ರಾನ್ (ಉಪ್ಸಿಲಾನ್). ಸಿಕ್ಕ ಜಾಗ: ಇಲ್ಲ. ಸಂಭವ, ಲಿಂಗೋನೆಸ್.

ಕೊನೆಯ ಎರಡು ಪದ ಪೆನ್ಸಿಲ್ಲಿನಲ್ಲಿವೆ. ಪಕ್ಕದಲ್ಲಿ ರಬ್ಬರು ಉಜ್ಜಿದ ಗುರುತು ಇನ್ನೂ ಕಾಣುತ್ತದೆ. ಅಲ್ಲಿ ಮೊದಲು ಈಡೂಯಿ ಎಂದು ಬರೆದಿದ್ದೆ.